ಗಾಳಿ ಇಳಿದ ಮೂವತ್ತಾರು ಚಕ್ರಗಳು

ಬೆಳಿಗ್ಗೆ ಆರಕ್ಕೆ ಸೈಕಲ್ ಜಾಥಾ ಹೊರಡಬೇಕಿತ್ತು. ಐದೂಮುಕ್ಕಾಲಿಗೆ ವಿಜ್ಞಾನದ ಕೋಣೆಯ ಬಾಗಿಲು ತೆಗೆಸಿದ ಸುಷ್ಮಿತಾ ನಿಂತಲ್ಲೇ ಚೀರಿದಳು.

ಹದಿನೆಂಟು ಸೈಕಲ್. ಮೂವತ್ತಾರು ಚಕ್ರ. ಒಂದರಲ್ಲೂ ಗಾಳಿಯಿಲ್ಲ. ನೆಲದ ತುಂಬ ಜಾಲಿಮುಳ್ಳು.

ಹೊಸಪೇಟೆಯ ಅಂಚಿನ ಆ ಸರ್ಕಾರಿ ಹೈಸ್ಕೂಲಿನಲ್ಲಿ ಸುಷ್ಮಿತಾ ಹತ್ತನೇ ಕ್ಲಾಸು. ತಂಡದ ನಾಯಕಿ ಕೂಡ. ತಂಡದಲ್ಲಿ ಹನ್ನೊಂದು ಮಕ್ಕಳು, ನಾಲ್ವರು ಮೇಷ್ಟ್ರುಗಳು, ಮೂವರು ತಾಯಂದಿರು. ಮೊದಲ ದಿನ ಸಂಡೂರಿಗೆ ಹೋಗಿ ಬರುವುದು, ಮರುದಿನ ಕಂಪ್ಲಿ ಮುಟ್ಟಿ ಹಂಪಿಯಲ್ಲಿ ಮುಗಿಸುವುದು. ಒಟ್ಟು ನೂರಿಪ್ಪತ್ತು ಕಿಲೋಮೀಟರ್. ಕೂಡಿದ ದುಡ್ಡೆಲ್ಲ ಕ್ಯಾನ್ಸರ್ ಸಂಶೋಧನೆಗೆ.

ಅದಕ್ಕೂ ಒಂದು ಕಾರಣವಿತ್ತು. ಶಾಲೆಯಲ್ಲಿ ಹದಿನಾರು ವರ್ಷ ಬಿಸಿಯೂಟ ಬೇಯಿಸಿದ ಕೊಟ್ರಮ್ಮ ಹೋದ ವರ್ಷ ಕ್ಯಾನ್ಸರಿನಿಂದ ಸತ್ತಳು. ಇದಕ್ಕೆ ಇನ್ನೂ ಔಷಧ ಹುಡುಕುತ್ತಿದ್ದಾರೆ ಎಂದು ಡಾಕ್ಟರು ಹೇಳಿದ್ದರು. ಆಕೆಯ ಗಂಡ ಓಬಳಪ್ಪ ಅದೇ ಶಾಲೆಯ ಕಾವಲುಗಾರ. ಆ ಮಾತನ್ನು ಮಕ್ಕಳ ಮುಂದೆ ಹೇಳಿಕೊಂಡು ಅತ್ತಿದ್ದ. ಹುಡುಕುವವರಿಗೆ ನಾವೂ ಏನಾದರೂ ಕೊಡೋಣ ಎಂದು ಹೊರಟವರು ಮಕ್ಕಳೇ.

ಈಗ ಅದೇ ಓಬಳಪ್ಪನ ಕೆನ್ನೆಗೆ ಏಟು ಬಿತ್ತು.

ಹೊಡೆದವನು ಹೊನ್ನೂರುಸ್ವಾಮಿ. ವಡ್ಡು ಊರಿನ ಕಡೆ ಅದಿರು ಸಾಗಿಸುವ ಹನ್ನೆರಡು ಲಾರಿಗಳ ಮಾಲೀಕ, ಶಾಲಾ ಸಮಿತಿಯ ಅಧ್ಯಕ್ಷ.

"ಬೀಗ ಮುರಿದಿಲ್ಲ. ಕೀಲಿ ಇರೋದು ನಿನ್ನ ಒಬ್ಬನ ಹತ್ರ. ಯಾರ ಹತ್ರ ರೊಕ್ಕ ತಿಂದ್ಯಲೇ?"

"ಸಾವ್ಕಾರ್ರ, ಆಕಿ ಹೆಸರಿನ ಜಾಥಾ ರೀ ಇದು..."

"ನಿನ್ನೆ ಸೈಕಲ್ ಪೂಜಿಗೂ ಬರಲಿಲ್ಲ ಇವ. ಪೊಲೀಸ್ರನ್ನ ಕರೀರಿ. ಇವತ್ತಿಗೆ ಇವನ ಕೆಲಸ ಮುಗೀತು."

ಅರವತ್ತು ಜನ ನಿಂತಿದ್ದರು. ಒಬ್ಬರಾದರೂ ಆ ಕೈ ಹಿಡಿಯಬೇಕಿತ್ತು. ಹೆಡ್‌ಮಾಸ್ಟರರು ತಮ್ಮ ಚಪ್ಪಲಿ ನೋಡುತ್ತ ನಿಂತರು. ನಾಚಿಕೆಗೇಡು.

* * *

ಸಬ್‌ಇನ್‌ಸ್ಪೆಕ್ಟರ್ ಸುಮಲತಾ ಬಂದವರೇ ಎಲ್ಲರನ್ನೂ ಹೊರಗೆ ಕಳಿಸಿದರು. ಶಾಲೆಯ ಎದುರು ಪಂಕ್ಚರ್ ಅಂಗಡಿ ನಡೆಸುವ ಭೀಮಮ್ಮನನ್ನು ಮಾತ್ರ ಒಳಗೆ ಕರೆದರು. ಇಪ್ಪತ್ತೆರಡು ವರ್ಷದಿಂದ ಟ್ಯೂಬು ತಿದ್ದುವ ಕೈ ಅದು. ಬಾಯಿ ಕೂಡ ಅಷ್ಟೇ ಗಟ್ಟಿ.

ಭೀಮಮ್ಮ ಸೈಕಲ್ ಕಡೆ ನೋಡಲಿಲ್ಲ. ಮೇಜಿನ ಮೇಲಿದ್ದ ಪೂಜೆಯ ತಟ್ಟೆ ನೋಡಿದಳು. ಅದರ ತುಂಬ ನಿಂಬೆಹಣ್ಣು.

"ಮೇಡಂ, ಇವನ್ನ ನಿನ್ನೆ ಸಂಜಿ ನಾನೇ ಇಟ್ಟೀನ್ರಿ, ಒಂದೊಂದು ಗಾಲಿ ಮುಂದ ಒಂದೊಂದು. ಮುಂಜಾನೆ ಗಾಡಿ ಹೊರಡೋವಾಗ ತುಳಿಸಬೇಕು. ಎತ್ತಿ ಇಟ್ಟವ್ರು ಯಾರು?"

"ಓಬಳಪ್ಪ ಇಟ್ಟಿರಬಹುದಲ್ಲ?"

"ಅವ್ರ ಮನಿಯವ್ರು ಬುದ್ಧನ್ನ ನಂಬಿದವ್ರು. ಅದಕ್ಕ ಪೂಜಿಗೆ ಬರಲಿಲ್ಲ. ನಿಂಬಿಹಣ್ಣು ಕಂಡ್ರ ಅವಂಗ ಪಾನಕ ನೆನಪಾಗ್ತದ, ಅಂಜಿಕಿ ಅಲ್ಲ. ಇದನ್ನ ಮಾಡಿದವ ಪೂಜಿ ಹಣ್ಣು ದಾಟಾಕ ಅಂಜ್ಯಾನ. ಗಾಡಿ ನಂಬಿ ಬದುಕಾಂವ ಇವ."

ಸುಮಲತಾ ಗೋಡೆಯ ಕಡೆ ತಿರುಗಿದರು. ಅಲ್ಲಿ ಪತ್ರಿಕೆಯ ತುಂಡೊಂದು ಅಂಟಿಸಿತ್ತು. ಅದರಲ್ಲಿ ಹಾರ ಹಾಕಿಕೊಂಡ ಹೊನ್ನೂರುಸ್ವಾಮಿ. ಒಬ್ಬೊಬ್ಬ ಸವಾರನಿಗೆ, ಒಂದೊಂದು ಕಿಲೋಮೀಟರಿಗೆ ನೂರು ರೂಪಾಯಿ ಕೊಡುವುದಾಗಿ ವೇದಿಕೆಯಲ್ಲಿ ಘೋಷಿಸಿದ ಸುದ್ದಿ. ಅದನ್ನು ಅವರು ಎರಡು ಸಲ ಓದಿದರು.

* * *

ಎರಡು ಸೈಕಲ್ ಭೀಮಮ್ಮನ ಅಂಗಡಿಗೆ ಹೋದವು. ಉಳಿದವು ಇದ್ದ ಕೋಣೆಗೆ ಸುಮಲತಾ ತಾವೇ ಬೀಗ ಹಾಕಿ ಕೀಲಿ ಜೇಬಿಗಿಟ್ಟರು.

ಮೊದಲು ಸಂಶಯ ಬಿದ್ದದ್ದು ಪಿ.ಟಿ. ಮೇಷ್ಟ್ರು ಶಂಭುಲಿಂಗನ ಮೇಲೆ. ಬ್ಯಾನರಿನಲ್ಲಿ ತನ್ನ ಹೆಸರಿಲ್ಲ ಎಂದು ವಾರವೆಲ್ಲ ಮುಖ ಊದಿಸಿಕೊಂಡಿದ್ದ ಆಸಾಮಿ. ತಂಡದಲ್ಲೂ ಸೇರಿರಲಿಲ್ಲ. ಆದರೆ ಫೋನು ಹಚ್ಚಿದರೆ ಆತ ನಿನ್ನೆ ಮಧ್ಯಾಹ್ನದಿಂದ ಕಂಪ್ಲಿಯಲ್ಲಿದ್ದ. ಸವಾರರ ಊಟ, ಮಜ್ಜಿಗೆಯ ವ್ಯವಸ್ಥೆಗೆ ಯಾರಿಗೂ ಹೇಳದೆ ಹೋಗಿದ್ದ. ಊಟ ಮಾಡಿಸುವ ಮನೆಯವರೇ ಫೋನಿನಲ್ಲಿ ಮಾತಾಡಿದರು. ಸುಮಲತಾ ಆ ಹೆಸರನ್ನು ಹೊಡೆದುಹಾಕಿದರು.

ಭೀಮಮ್ಮ ಟ್ಯೂಬಿಗೆ ಗಾಳಿ ತುಂಬಿ ನೀರಿನ ಬಾನಿಯಲ್ಲಿ ಅದ್ದಿದಳು. ಗುಳ್ಳೆ ಎದ್ದಿತು.

"ನೋಡ್ರಿ ಎಲ್ಲಿ ಬರಾಕತ್ಯಾವ. ಮುಳ್ಳು ಚುಚ್ಚೋದು ನೆಲಕ್ಕ ತಾಗೋ ಕಡೆ. ಇದು ಮಗ್ಗುಲಿಗೆ ಐತಿ. ಇನ್ನೊಂದಕ್ಕೂ ಹಂಗ. ತೂತು ನೋಡ್ರಿ, ದುಂಡಗ. ದಬ್ಬಣದ್ದು. ಮುಳ್ಳು ಬರೀ ನಾಟಕ."

"ದಬ್ಬಣ ಎಲ್ಲರ ಮನೇಲಿರುತ್ತೆ, ಭೀಮಮ್ಮ. ಚೀಲ ಹೊಲೀತಾರೆ."

"ಖರೆ. ಆದ್ರ ನಾಕಕ್ಕ ನಾಕೂ ಮಗ್ಗುಲಿಗೇ ಯಾಕ ಚುಚ್ಚಬೇಕು?" ಭೀಮಮ್ಮ ಕೈ ಒರೆಸಿಕೊಂಡಳು. ಸಿಟ್ಟಿಗೆ ಅವಳ ಕಣ್ಣುಗಳು ಕೆಂಪಾಗಿದ್ದವು. "ಮೇಡಂ, ನಂಗ ಒಂದ್ ಸುಳ್ಳು ಹೇಳಾಕ ಬಿಡ್ರಿ. ಮಂದಿ ಮುಂದ."

* * *

ಎಂಟು ಗಂಟೆ. ಶಾಲೆಯ ಅಂಗಳ. ಓಬಳಪ್ಪ ಕೊಟ್ರಮ್ಮನ ಫೋಟೊ ಹಿಡಿದುಕೊಂಡು ಅಡುಗೆಕೋಣೆಯ ಮೆಟ್ಟಿಲ ಮೇಲೆ ಕೂತಿದ್ದ. ಜಾಥಾದ ಮುಂದೆ ಕಟ್ಟಬೇಕಿದ್ದ ಫೋಟೊ ಅದು. ಮಕ್ಕಳು ಅವನ ಸುತ್ತ ನಿಂತಿದ್ದರು. ದೊಡ್ಡವರು ದೂರ ನಿಂತಿದ್ದರು.

"ಕೇಳ್ರೆಪ್ಪೋ," ಎಂದು ಭೀಮಮ್ಮ ಕೂಗಿದಳು. "ಯಾರದೂ ತಪ್ಪಿಲ್ಲ. ಎಲ್ಲಾ ಜಾಲಿಮುಳ್ಳು ಚುಚ್ಚ್ಯಾವ. ಪ್ಯಾಚ್ ಹಾಕಿ ಹನ್ನೊಂದಕ್ಕ ಕೊಡ್ತೀನಿ. ಜಾಥಾ ಇವತ್ತೇ ಹೊಂಡತದ."

ಮಕ್ಕಳು ಕೇಕೆ ಹಾಕಿದರು. ಹೊನ್ನೂರುಸ್ವಾಮಿ ನಕ್ಕುಬಿಟ್ಟ.

"ಏ ಭೀಮಮ್ಮ, ಹುಡುಗ್ರಿಗೆ ಯಾಕ ಆಸಿ ಹಚ್ತಿ? ಮೂವತ್ತು ವರ್ಷ ಟೈರ್ ನೋಡೀನಿ ನಾನು. ಮಗ್ಗುಲಿಗೆ ಬಿದ್ದ ತೂತಿಗೆ ಪ್ಯಾಚ್ ನಿಲ್ಲಂಗಿಲ್ಲ. ಹೊಸಾವ ತರಬೇಕು. ಇವತ್ತು ಆಗಾದಲ್ಲ, ಬಿಡು."

ಸುಮಲತಾ ಎರಡು ಹೆಜ್ಜೆ ಮುಂದೆ ಬಂದರು.

"ಮಗ್ಗುಲಿಗೆ ಅಂತ ಯಾರು ಹೇಳಿದ್ರು ನಿಮಗೆ?"

"ಎಲ್ಲಾರೂ... ನೋಡಿದ್ರಲ್ಲ ಮುಂಜಾನೆ."

"ಮುಂಜಾನೆ ಎಲ್ಲರೂ ನೋಡಿದ್ದು ಮುಳ್ಳು. ನೀರಿಗೆ ಹಾಕೋ ತನಕ ಆ ತೂತು ಕಣ್ಣಿಗೇ ಬೀಳಲ್ಲ. ಅದನ್ನ ನೋಡಿದ್ದು ನಾನು, ಭೀಮಮ್ಮ, ಇಬ್ಬರೇ. ಮೂರನೆಯವರು ಚುಚ್ಚಿದವರು."

ಸುಮಲತಾ ಅವನ ಮುಂದೆ ಕೈ ಚಾಚಿದರು.

"ನಿಮ್ಮ ಜೀಪಿನ ಕೀಲಿ ತೋರಿಸ್ರಿ."

ಅವನು ಜೇಬು ಮುಟ್ಟಿಕೊಂಡ, ಕೊಡಲಿಲ್ಲ. ಸುಮಲತಾ ಜೊತೆ ಬಂದಿದ್ದ ಪೇದೆ ತೆಗೆದುಕೊಟ್ಟ. ಗೊಂಚಲಿನಲ್ಲಿ ಕೆಂಪು ದಾರ ಕಟ್ಟಿದ ಹಿತ್ತಾಳೆಯ ಕೀಲಿಯೊಂದಿತ್ತು. ಹೆಡ್‌ಮಾಸ್ಟರರಿಗೆ ಕೊನೆಗೂ ಬಾಯಿ ಬಂತು.

"ಅದು ವಿಜ್ಞಾನದ ಕೋಣೆಯ ಎರಡನೇ ಕೀಲಿ! ಯುಗಾದಿಗೇ ಕಳೆದುಹೋಯ್ತು ಅಂದಿದ್ರಲ್ಲ, ಸಾಹುಕಾರ್ರೆ?"

ಜೀಪಿನ ಸೀಟಿನ ಕೆಳಗೆ ಲಾರಿಯ ತಾಡಪಾಲು ಹೊಲಿಯುವ ದಬ್ಬಣ ಸಿಕ್ಕಿತು. ಪಕ್ಕದಲ್ಲಿ ಗೋಣಿಚೀಲ, ಅದರ ತಳದಲ್ಲಿ ಜಾಲಿಮುಳ್ಳು.

"ಯಾಕ್ರಿ?" ಎಂದು ಸುಷ್ಮಿತಾ ಕೇಳಿದಳು.

ಉತ್ತರ ಕೊಟ್ಟವರು ಸುಮಲತಾ. "ಇವರು ಮಾತು ಕೊಟ್ಟಾಗ ತಂಡದಲ್ಲಿ ಎಷ್ಟು ಜನ ಇದ್ರಿ?"

"ನಾಕೇ ಮಂದಿ."

"ಈಗ ಹದಿನೆಂಟು. ಎರಡು ಲಕ್ಷ ದಾಟುತ್ತೆ. ಫೋಟೊ ಪೇಪರಿನಲ್ಲಿ ಬಂದಾಗಿದೆ, ಇಲ್ಲ ಅನ್ನೋಕೆ ಮರ್ಯಾದೆ ಅಡ್ಡ. ಜಾಥಾನೇ ನಿಂತರೆ ಕೊಡೋದೂ ಬೇಡ, ಹೆಸರೂ ಉಳೀತು. ನಿನ್ನೆ ರಾತ್ರಿ ಓಬಳಪ್ಪ ಊಟಕ್ಕೆ ಹೋದಾಗ ಹಿಂದಿನ ಗೇಟಿನಿಂದ ಬಂದಿರಬೇಕು. ಲಾರಿಯವರು, ಪೂಜೆಯ ನಿಂಬೆಹಣ್ಣು ದಾಟೋಕೆ ಹೆದರಿ ಎತ್ತಿಟ್ಟಿದ್ದಾರೆ. ಹೆಂಡತಿ ಕಳಕೊಂಡವನ ಮೇಲೆ ಅಪವಾದ ಹಾಕೋಕೆ ಮಾತ್ರ ಹೆದರಿಲ್ಲ."

"ಇನ್ನೊಂದು ಕೇಳು, ಸಾವ್ಕಾರ," ಎಂದಳು ಭೀಮಮ್ಮ. "ಮಗ್ಗುಲಿಗೆ ಚುಚ್ಚಿದ್ರ ಪ್ಯಾಚ್ ನಿಲ್ಲದಿರೋದು ನಿನ್ನ ಲಾರಿ ಟೈರಿಗೆ. ಸೈಕಲ್ಲಿಗೆ ಒಳಗ ಟ್ಯೂಬ್ ಐತಿ, ಎಲ್ಲಿ ಚುಚ್ಚಿದ್ರೂ ಪ್ಯಾಚ್ ನಿಲ್ತದ. ನೀ ಸೈಕಲ್ ತುಳಿಯೋದು ಬಿಟ್ಟು ಎಷ್ಟ್ ವರ್ಷ ಆತು?"

* * *

ಹೊಸಪೇಟೆಯ ಬೇರೆ ಅಂಗಡಿಗಳಿಂದ ಇನ್ನೂ ಐವರು ಬಂದು ಕೂತರು. ಯಾರೂ ಕಾಸು ಕೇಳಲಿಲ್ಲ. ಹನ್ನೊಂದೂವರೆಗೆ ಮೂವತ್ತಾರು ಚಕ್ರವೂ ಗಟ್ಟಿಯಾಗಿ ನಿಂತವು.

ಬೆಳಿಗ್ಗೆ ಸುಮ್ಮನಿದ್ದ ಅರವತ್ತು ಜನ ಒಬ್ಬೊಬ್ಬರಾಗಿ ಓಬಳಪ್ಪನ ಹತ್ತಿರ ಹೋದರು. ಕೆಲವರು ಕೈ ಹಿಡಿದರು. ಅವನು ಮೆಟ್ಟಿಲಿಂದ ಎದ್ದ. ಒಳಗೆ ಹೋಗಿ ತನ್ನ ಹಳೆಯ ಸೈಕಲ್ ತಳ್ಳಿಕೊಂಡು ಬಂದ. ಕೊಟ್ರಮ್ಮನನ್ನು ದಿನವೂ ಹಿಂದೆ ಕೂರಿಸಿಕೊಂಡು ಬರುತ್ತಿದ್ದ ಸೈಕಲ್. ಆಕೆ ಸತ್ತ ಮೇಲೆ ಅವನು ಅದನ್ನು ಮುಟ್ಟಿರಲಿಲ್ಲ. ಭೀಮಮ್ಮ ಗಾಳಿ ಹೊಡೆದುಕೊಟ್ಟಳು. ಅವನು ಫೋಟೊವನ್ನು ಹ್ಯಾಂಡಲಿಗೆ ಕಟ್ಟಿದ.

ಗೇಟಿನ ಬಳಿ ಪೊಲೀಸ್ ಜೀಪಿನಲ್ಲಿ ಹೊನ್ನೂರುಸ್ವಾಮಿ ತಲೆ ತಗ್ಗಿಸಿ ಕೂತಿದ್ದ. ಓಬಳಪ್ಪ ಅವನ ಪಕ್ಕ ಸೈಕಲ್ ನಿಲ್ಲಿಸಿದ. ಏಟಿನ ಗುರುತು ಕೆನ್ನೆಯ ಮೇಲೆ ಇನ್ನೂ ಇತ್ತು.

"ಸಾವ್ಕಾರ್ರ, ಈಗ ಹತ್ತೊಂಬತ್ತು ಮಂದಿ ರೀ," ಎಂದ. "ನಂದೂ ಸೇರಿಸಿ ಕೊಡ್ರಿ. ಆಕಿ ಪಾಲಿಂದು ಅದು."

ಪೆಡಲ್ ತುಳಿದು ಸಂಡೂರಿನ ರಸ್ತೆ ಹಿಡಿದ. ಮಕ್ಕಳು ಹಿಂದೆ ಹೊರಟರು.