ಅರಮನೆ ಬಿಟ್ಟ ಐದನೆಯ ಹಕ್ಕಿ

ಬೆಟ್ಟಗಳು ಇನ್ನೂ ಮನುಷ್ಯರ ಮಾತಿಗೆ ಓಗೊಡುತ್ತಿದ್ದ ಕಾಲದಲ್ಲಿ ನುಡಿಗಿರಿ ಎಂಬ ರಾಜ್ಯವಿತ್ತು. ಅದಕ್ಕೆ ಹನ್ನೆರಡು ಊರು, ಐದು ಮಾರುಲಿ ಹಕ್ಕಿ. ಮಾರುಲಿ ಎಂದರೆ ಕೇಳಿದ್ದನ್ನು ಹಾಗೆಯೇ ಮತ್ತೆ ಕೂಗುವ ಹಕ್ಕಿ. ಅದರ ಕೂಗು ಒಂದು ಹರದಾರಿ ಹೋಗುತ್ತದೆ. ಅಷ್ಟರೊಳಗೆ ಇನ್ನೊಂದು ಮಾರುಲಿಯಿದ್ದರೆ ಹಿಡಿದು ಮುಂದಕ್ಕೆ ಕೂಗುತ್ತದೆ, ಇಲ್ಲದಿದ್ದರೆ ಮಾತು ಅಲ್ಲೇ ಸಾಯುತ್ತದೆ.

ಒಂದು ಬೆಳಿಗ್ಗೆ ಕೋಟೆ ಬಾಗಿಲಲ್ಲಿ ಡಂಗುರ ಸಾರುವ ಹಲಗಯ್ಯ “ಕೇಳಿರಪ್ಪೋ” ಎಂದವನು ನಿಂತಲ್ಲೇ ಕಲ್ಲಾದ! ಎತ್ತಿದ ಕೋಲೂ ಕಲ್ಲಾಯಿತು. ಜನ ಬೆಚ್ಚಿಬಿದ್ದರು. ಅವನನ್ನು ಕಲ್ಲಾಗಿಸಿದ ಮಾಂತ್ರಿಕ ಮೂಕಕೇತು ಬಾಗಿಲ ಬಳಿ ನಿಂತು ಗಹಗಹಿಸಿದ.

“ಇಲ್ಲಿಂದ ಕೂಗಿದ್ದು ಹನ್ನೆರಡೂ ಊರಿಗೆ ಕೇಳಿದರೆ ಇವನು ಏಳುತ್ತಾನೆ. ಮೂರೇ ಕೂಗು. ಸೋತರೆ ಕೂಗಿದವರೂ ಕಲ್ಲು, ಗೆದ್ದರೆ ನಾನೇ ಕಲ್ಲು!”

ಹಲಗಯ್ಯನ ಮಗಳು ಕೆಂಚಿ ಮುಂದೆ ಬಂದಳು. ಹಕ್ಕಿಗಳು ಅವಳ ಕೈಸನ್ನೆ ಬಲ್ಲವು. ಕೂಗು ಕೇಳಿದ ಊರು ಹೊಗೆ ಎಬ್ಬಿಸಬೇಕು, ಅದೇ ಲೆಕ್ಕ.

ಐದನೆಯ ಹಕ್ಕಿ ಯಾವಾಗಲೂ ಅರಮನೆಯ ನೆತ್ತಿಯ ಮೇಲೆ, ಅದು ತಲೆತಲಾಂತರದ ಮರ್ಯಾದೆ. ಉಳಿದ ನಾಲ್ಕನ್ನು ಅತಿ ಎತ್ತರದ ಶಿಖರಗಳಿಗೆ ಕಳಿಸಿ ಕೂಗಿದಳು. ದನಿ ಊರುಗಳ ಮೇಲಿಂದಲೇ ಹಾರಿಹೋಯಿತು. ಏಳೇ ಹೊಗೆ. ಕೆಂಚಿಯ ಕಾಲು ಮಂಡಿಯವರೆಗೆ ಕಲ್ಲಾಯಿತು!

ಒಂದೊಂದೇ ಹಕ್ಕಿಯನ್ನು ಊರುಗಳ ಹತ್ತಿರಕ್ಕೆ ಇಳಿಸಿ ಮತ್ತೆ ಕೂಗಿದಳು. ಹನ್ನೊಂದು ಹೊಗೆ! ಮಡುವಿನಕೊಪ್ಪ ಮಾತ್ರ ಸುಮ್ಮನಿತ್ತು. ಕಲ್ಲು ಸೊಂಟಕ್ಕೇರಿತು.

“ಇನ್ನೊಂದೇ ಊರು. ಯಾವ ಹಕ್ಕಿಯನ್ನು ಕಳಿಸುತ್ತೀಯೆ?” ಮೂಕಕೇತು ಅಣಕಿಸಿದ. “ಯಾವುದನ್ನು ತೆಗೆದರೂ ಎರಡು ಊರಾದರೂ ಕಿವುಡಾಗುತ್ತವಲ್ಲ!”

ಹೌದು. ಯಾವ ಒಂದನ್ನು ಕದಲಿಸಿದರೂ ಈಗಿರುವುದಕ್ಕಿಂತ ಕೆಡುತ್ತಿತ್ತು. ಕೆಂಚಿ ಅಪ್ಪನ ಕಲ್ಲುಮುಖ ನೋಡಿದಳು. ಆಮೇಲೆ ಅರಮನೆಯ ನೆತ್ತಿಯತ್ತ ಕೈ ಬೀಸಿದಳು. ಅಲ್ಲಿದ್ದ ಹಕ್ಕಿ ಮಡುವಿನಕೊಪ್ಪಕ್ಕೆ ಹಾರಿಯೇಬಿಟ್ಟಿತು!

ಮಹಾರಾಜರು ಅರಮನೆಯ ಮೆಟ್ಟಿಲಲ್ಲೇ ತಡವರಿಸಿದರು. “ಎಲೆ ಹುಡುಗಿ! ನಮ್ಮ ಹಕ್ಕಿಯನ್ನೇ ಓಡಿಸುವಷ್ಟು ಧೈರ್ಯವೇ?”

“ತಪ್ಪು ತಿಳಿಯಬೇಡಿ ಬುದ್ಧೀ. ಈ ಬಾಗಿಲಲ್ಲಿ ಕೂಗಿದರೆ ತಮಗೆ ನನ್ನ ಗಂಟಲೇ ಕೇಳುತ್ತದಲ್ಲ?”

“ಅಯ್ಯೋ, ಆ ಹಕ್ಕಿಯಿಂದ ತಾನೇ ಉಳಿದವು ಕೇಳಿಸಿಕೊಳ್ಳುತ್ತಿದ್ದವು!” ಮಂತ್ರಿ ಎದೆ ಬಡಿದುಕೊಂಡ. “ಈಗ ಒಂದು ಊರಿಗೂ ಕೇಳುವುದಿಲ್ಲ!”

“ಇನ್ನೂ ಮುಗಿದಿಲ್ಲ ಮಂತ್ರಿಗಳೇ.”

ಪೂರ್ವದ ಎರಡು ಊರುಗಳ ಬಳಿಯಿದ್ದ ಹಕ್ಕಿಯನ್ನು ಸನ್ನೆ ಮಾಡಿ, ಕೋಟೆಗೂ ಆ ಊರುಗಳಿಗೂ ಅರ್ಧದಾರಿಯ ಆಲದ ಮರಕ್ಕೆ ಕರೆಸಿದಳು. ಅಲ್ಲಿಂದ ಅದಕ್ಕೆ ಕೆಂಚಿಯ ಗಂಟಲೂ ಕೇಳುತ್ತಿತ್ತು, ಅದರ ಕೂಗು ತನ್ನ ಎರಡು ಊರಿಗೂ ಮಿಕ್ಕ ಹಕ್ಕಿಗಳಿಗೂ ತಲುಪುತ್ತಿತ್ತು. ಒಂದನ್ನೇ ಕದಲಿಸಿದ್ದರೆ ಸೋಲು, ಎರಡನ್ನೂ ಕದಲಿಸಿದ್ದರಿಂದ ದಾರಿ.

“ಕೇಳಿರಪ್ಪೋ!”

ಒಂಬತ್ತು ಹೊಗೆ. ಹತ್ತು. ಹನ್ನೊಂದು. ಕಲ್ಲು ಕೆಂಚಿಯ ಕುತ್ತಿಗೆ ಮುಟ್ಟಿತು. ಆಗ ಮಡುವಿನಕೊಪ್ಪದಿಂದ ತೆಳ್ಳಗೆ ಒಂದು ಹೊಗೆ ಎದ್ದಿತು!

ಮೂಕಕೇತು ಬಾಯಿ ತೆರೆದ, ದನಿಯೇ ಹೊರಡಲಿಲ್ಲ. ತೆರೆದ ಬಾಯಿ ತೆರೆದಂತೆಯೇ ಕಲ್ಲಾದ. ಕೆಂಚಿಯ ಮೈಯಿಂದ ಕಲ್ಲು ಉದುರಿತು. ಹಲಗಯ್ಯನ ಕೋಲು ತಮಟೆಗೆ ಬಿದ್ದಿತು.

ಅವನು ಮೇಲೆ ನೋಡಿ ಕಣ್ಣರಳಿಸಿದ. “ಅರಮನೆ ಹಕ್ಕಿಯನ್ನು ತೆಗೆದವರು ಯಾರವ್ವಾ?”

“ನಾನೇ ಅಪ್ಪಾ.”

“ಅದನ್ನು ತೆಗೆಯಿರಿ ಅಂತ ಮೂವತ್ತು ವರ್ಷದಿಂದ ಹೇಳಬೇಕು ಅಂದುಕೊಂಡಿದ್ದೆ ಮಗಳೇ,” ಎಂದು ಹಲಗಯ್ಯ ಪಿಸುಗುಟ್ಟಿದ, “ಬಾಯಿ ಬರಲಿಲ್ಲ.”

ಅಂದಿನಿಂದ ಅರಮನೆಯ ಮೇಲೆ ಹಕ್ಕಿಯಿಲ್ಲ. ಡಂಗುರವಾದಾಗ ಮಹಾರಾಜರೇ ಬಾಗಿಲಿಗೆ ಬಂದು, ಎಲ್ಲರ ನಡುವೆ ನಿಂತು ಕೇಳುತ್ತಾರೆ. ಹನ್ನೆರಡು ಊರೂ ಒಂದೇ ಮಾತು ಕೇಳಿ ಸುಖವಾಗಿವೆ.