ತಟ್ಟೆ ನೋಡದ ಭಾನುವಾರ

ಯಕ್ಷಿತಾ ನಮ್ಮ ಹೋಟೆಲಿನ ಮೆಟ್ಟಿಲು ಹತ್ತುವುದು ಕಂಡದ್ದೇ ನನ್ನ ಎದೆ ಡಬಡಬ ಅನ್ನತೊಡಗಿತು. ಅಕ್ಕ ನಿಶಾಳನ್ನು ಗಲ್ಲಾದಲ್ಲಿ ಕೂರಿಸಿ, ಕಾಲರ್ ಸರಿಮಾಡಿಕೊಂಡು ಓಡಿದೆ. ಮುಂಬೈಯ ಚೆಂಬೂರಿನ ಭಾನುವಾರದ ರಶ್ಶಿನಲ್ಲಿ ಮಾಲೀಕನ ಮಗ ಗಲ್ಲಾ ಬಿಟ್ಟು ಓಡುವುದೆಂದರೆ ಸಣ್ಣ ಸಂಗತಿಯಲ್ಲ. ಆದರೆ ಎರಡು ವಾರದ ಮೇಲೆ ಬಂದಿದ್ದಳು ಮಾರಾಯರೇ, ನಾನೇನು ಮಾಡಲಿ?

ತಪ್ಪು ನನ್ನದೇ. ನನ್ನ ಹುಡುಗಿ ಯಕ್ಷಿತಾಳಿಗೆ ಈಟಿಂಗ್ ಡಿಸಾರ್ಡರ್. ಒಂದು ವರ್ಷದಿಂದ ಟ್ರೀಟ್‌ಮೆಂಟ್ ನಡೆಯುತ್ತಿದೆ, ಒಂದೊಂದು ತುತ್ತಿಗೂ ಮನಸ್ಸಿನ ಜೊತೆ ಜಗಳ. ನಾಲ್ಕು ಜನರ ನಡುವೆ ಕೂತು ತಿನ್ನುವ ಧೈರ್ಯ ಮಾಡಿ ಎರಡು ವಾರದ ಹಿಂದೆ ಮೊದಲ ಸಲ ಇಲ್ಲಿಗೆ ಬಂದಿದ್ದಳು. ಹೋಟೆಲಿನವನ ಬುದ್ಧಿ ಎಲ್ಲಿ ಹೋಗುತ್ತದೆ? ಗಲ್ಲಾದಲ್ಲಿ ಕೂತೇ ಯಾರ ತಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುವವನು ನಾನು. ಅವಳ ತಟ್ಟೆ ಖಾಲಿಯಾದದ್ದು ಕಂಡು, ಅಲ್ಲಿಂದಲೇ ಶಾಭಾಷ್ ಅಂತ ಕೂಗಿ, ಕೇಳದೆ ಇನ್ನೊಂದು ಮಂಗಳೂರು ಬನ್ಸ್ ಕಳಿಸಿದೆ. ಎಲ್ಲರೂ ತಿರುಗಿ ನೋಡಿದರು. ಅವಳು ಎದ್ದು ಹೋದಳು. ಆಮೇಲೆ ಮೂರು ದಿನ ಸರಿಯಾಗಿ ಏನೂ ತಿನ್ನಲಿಲ್ಲ ಎಂದು ಅವಳಮ್ಮ ಹೇಳಿದಾಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ಇವತ್ತು ಕೊನೆಯ ಚಾನ್ಸ್ ಎಂದು ಮೆಸೇಜಿನಲ್ಲೇ ಬರೆದಿದ್ದಳು. ತಟ್ಟೆ ನೋಡಬಾರದು, ಹೊಗಳಬಾರದು, ಜೊತೆಗೆ ಕೂತು ನಾನೂ ತಿನ್ನಬೇಕು, ಬೇರೆ ಏನಾದರೂ ಮಾತಾಡಬೇಕು.

ಇಬ್ಬರಿಗೂ ಒಂದೊಂದು ಬನ್ಸ್ ಬಂತು. ನಾನು ಫ್ಯಾನ್ ನೋಡುತ್ತಾ, ಜೋಗೇಶ್ವರಿಯ ಚಿಕ್ಕಮ್ಮನ ಬಿಲ್ಡಿಂಗಿನ ಲಿಫ್ಟಿನಲ್ಲಿ ಮದುಮಗ ಸಿಕ್ಕಿಹಾಕಿಕೊಂಡು, ಮುಹೂರ್ತದ ಹೊತ್ತಿಗೆ ಬೆವರಿ ಒದ್ದೆಯಾದ ಕಥೆಯನ್ನು ಒಂದೇ ಉಸಿರಿಗೆ ಹೇಳಿದೆ. ಅವಳು ನಗಲಿಲ್ಲ.

"ಸೃಜನ್, ತಟ್ಟೆ ನೋಡ್ಬೇಡ ಅಂತ ಹೇಳಿದ್ದು ನಾನು. ನನ್ನನ್ನು ನೋಡ್ಬೇಡ ಅಂತ ಹೇಳ್ಲಿಲ್ಲ."

ನೋಡಿದೆ. ಒಂದು ಕಣ್ಣಿನ ಕಾಡಿಗೆ ಸ್ವಲ್ಪ ಹರಡಿತ್ತು. ತುಟಿಯ ಮೂಲೆಯಲ್ಲಿ ತುಂಟತನ. ಅಯ್ಯೋ ದೇವರೇ, ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಗಿತ್ತು.

ಅಷ್ಟರಲ್ಲಿ ಅವಳ ಕೈ ನಿಂತಿತು. ರಶ್ಶಿನ ಹೊತ್ತಿನಲ್ಲಿ ಗಿರಾಕಿಯ ಕೈ ನಿಂತರೆ ತಟ್ಟೆ ಎತ್ತಬೇಕು, ಟೇಬಲ್ ಖಾಲಿಯಾಗಬೇಕು. ಸಪ್ಲೈಯರ್ ಪ್ರಶಾಂತನಿಗೆ ಅದನ್ನು ಕಲಿಸಿದವನು ನಾನೇ. ಅವನು ಬಂದೇಬಿಟ್ಟ, ಕೈ ಚಾಚಿದ. ಬೇಡವೆಂದರೆ ನಾನು ತಟ್ಟೆ ನೋಡಿದ ಹಾಗೆ, ಸುಮ್ಮನಿದ್ದರೆ ಅವಳ ಇಷ್ಟು ದಿನದ ಧೈರ್ಯ ಆ ತಟ್ಟೆಯ ಜೊತೆಗೇ ಒಳಗೆ ಹೋದ ಹಾಗೆ.

ಯಕ್ಷಿತಾ ತಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದಳು.

"ಇರ್ಲಿ ಪ್ರಶಾಂತಣ್ಣ. ನಂದು ಇನ್ನೂ ಮುಗಿಯಲಿಲ್ಲ."

ಪ್ರಶಾಂತ ಹಿಂದೆ ಸರಿದ. ನನ್ನ ಬಾಯಿತುದಿಗೆ ಶಾಭಾಷ್ ಬಂತು. ನಾಲಿಗೆ ಕಚ್ಚಿಕೊಂಡೆ. ಆದರೆ ಆ ಖುಷಿ ಒಳಗೆ ನಿಲ್ಲಬೇಕಲ್ಲ, ಬೇರೆಯೇ ಮಾತು ಹೊರಗೆ ಬಂತು.

"ನನ್ನನ್ನು ಮದುವೆ ಆಗ್ತೀಯಾ?"

ಅವಳ ಕಿವಿ ಕೆಂಪಾಯಿತು. ಒಂದು ಚೂರು ಮುರಿದು ಬಾಯಿಗಿಟ್ಟು ನಿಧಾನವಾಗಿ ಅಗಿದಳು.

"ಮೊದ್ಲು ತಿನ್ಲಿಕ್ಕೆ ಬಿಡು ಮಾರಾಯ."

ನಾನು ಬಾಯಿ ಮುಚ್ಚಿಕೊಂಡು ನನ್ನ ಬನ್ಸ್ ಮುರಿದೆ. ಮೇಜಿನ ಕೆಳಗೆ ಅವಳ ಚಪ್ಪಲಿ ನನ್ನ ಶೂ ಅನ್ನು ಮೆಲ್ಲಗೆ ಒತ್ತುತ್ತಿತ್ತು.