ಏಳು ಮಿಲಿಮೀಟರ್ ಉಕ್ಕು

"ಮಾವಾ, ಸ್ವಿಚ್ ಹಾಕ್ಬೇಡಿ! ಒಂದೇ ನಿಮಿಷ!"

ಹಸಿರು ಗುಂಡಿಯ ಹತ್ತಿರ ಹೋದ ಮಾವನ ಬೆರಳು ಅಲ್ಲೇ ನಿಂತಿತು.

ಮಾವನ ವರ್ಕ್‌ಶಾಪಿನಲ್ಲಿ, ಕಬ್ಬಿಣ ಕೆರೆಯುವ ಮಿಲ್ಲಿಂಗ್ ಮಷಿನ್ನಿನ ಮೇಜಿನ ಮೇಲೆ ನಾಲ್ಕು ಬೋಲ್ಟ್ ಬಿಗಿಸಿಕೊಂಡು ಅಮ್ಮನ ಅಡಿಗಲ್ಲು ಕೂತಿತ್ತು. ಹೆಸರಿಗಷ್ಟೇ ಕಲ್ಲು, ಮೈಯೆಲ್ಲ ಕಬ್ಬಿಣ. ತೂಕ ತೊಂಬತ್ತು ಕಿಲೋ. ಕಮ್ಮಾರರು ಕೆಂಪಗೆ ಕಾಯಿಸಿದ ಕಬ್ಬಿಣವನ್ನು ಇದರ ಮೇಲಿಟ್ಟೇ ಬಡಿಯುವುದು. ಒಂದು ಕಡೆ ಚೂಪಾದ ಕೊಂಬು, ಇನ್ನೊಂದು ಕಡೆ ಮೋಟು ಬಾಲ. ಮೈತುಂಬ ತುಕ್ಕು. ಕತ್ತು ಚಾಚಿ ಮಲಗಿದ ಮುದಿ ಪ್ರಾಣಿಯ ಹಾಗೆ ಕಾಣುತ್ತಿತ್ತು.

"ಈಗೇನಮ್ಮಾ ಬ್ರೇಕು?" ಎಂದರು ಮಾವ.

ಬ್ರೇಕು ಆ ಹುಡುಗಿಯ ಅಡ್ಡಹೆಸರು. ಹೋದ ತಿಂಗಳು ಸ್ಕೂಲ್ ಟ್ರಿಪ್ಪಿನಲ್ಲಿ ಗೆಳತಿ ಬಸ್ ಹತ್ತಿಲ್ಲವೆಂದು ಕೂಗಿ ಬಸ್ಸನ್ನೇ ನಿಲ್ಲಿಸಿದ್ದಳು. ಡ್ರೈವರ್, ಕ್ಲೀನರ್, ಮೇಷ್ಟ್ರು ಮೂವರೂ ಬಿಸಿಲಲ್ಲಿ ಹುಡುಕಿದ್ದೇ ಹುಡುಕಿದ್ದು. ಗೆಳತಿ ನೋಡಿದರೆ ಹಿಂದಿನ ಸೀಟಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕುತ್ತಿದ್ದಳು! ಅವತ್ತಿನಿಂದ ಇಡೀ ಬೀದಿಗೆ ಅವಳು ಬ್ರೇಕು.

"ಇದರ ತಲೆ ಕೆರೆದ್ರೆ ಇದು ಕೆಟ್ಟೋಗತ್ತೆ ಮಾವಾ."

"ಕೆಟ್ಟೋಗತ್ತಾ? ಇನ್ನು ಕೆಡೋಕೆ ಏನುಳಿದಿದೆ ಇದರಲ್ಲಿ? ನೋಡಿಲ್ಲಿ, ಮಧ್ಯ ಗುಳಿ ಬಿದ್ದಿದೆ. ಅಂಚು ಇಲಿ ಕಡಿದ ಹಾಗಿದೆ. ನಿಮ್ಮಮ್ಮ ಇದನ್ನ ಕೂರಿಸೋಕೆ ಮರದ ದಿಮ್ಮಿ ತರೋಕೆ ಹೋಗಿದಾಳಲ್ಲ, ಬರೋಷ್ಟರಲ್ಲಿ ಆರು ಮಿಲಿಮೀಟರ್ ಕೆರೆದು ಕನ್ನಡಿ ಥರ ಮಾಡಿಡ್ತೀನಿ. ಸರ್ಪ್ರೈಸ್!"

ಮಾವನ ಮುಖ ಅರಳಿತ್ತು. ತಂಗಿಯೆಂದರೆ ಅವರಿಗೆ ಪ್ರಾಣ. ಆ ತಂಗಿ ಹನ್ನೊಂದು ತಿಂಗಳಿಂದ ಒಂದು ಒಳ್ಳೆಯ ಅಡಿಗಲ್ಲಿಗಾಗಿ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ್ದು ಅವರಿಗೂ ಗೊತ್ತು. ಉಳಿ, ಕುಡುಗೋಲು, ಬಾಗಿಲ ಕೊಂಡಿ ಮಾಡುವುದರಲ್ಲಿ ಅಮ್ಮನದು ಎತ್ತಿದ ಕೈ. ಆದರೆ ಬೇರೆಯವರ ಕುಲುಮೆ ಖಾಲಿ ಇದ್ದಾಗ ಮಾತ್ರ ಕೆಲಸ. "ಎದ್ದೇಳಮ್ಮ, ನಮ್ಮ ಕೆಲಸ ಬಂತು" ಎಂದು ಕುಲುಮೆಯವರು ಹೇಳಿದರೆ ಅರ್ಧಕ್ಕೇ ಎದ್ದು ಬರಬೇಕು. ಈಗ ಹಿತ್ತಲ ಶೆಡ್ಡಿನಲ್ಲಿ ಒಲೆ ರೆಡಿ, ಇಕ್ಕಳ ರೆಡಿ. ಅಡಿಗಲ್ಲು ನಿನ್ನೆಯಷ್ಟೇ ಸಿಕ್ಕಿತ್ತು.

"ಅಮ್ಮನ್ನ ಒಂದು ಮಾತು ಕೇಳಿ ಮಾವಾ. ಫೋನ್ ಮಾಡಿ."

"ಕೇಳಿಬಿಟ್ರೆ ಅದು ಸರ್ಪ್ರೈಸ್ ಹೇಗೆ ಆಗತ್ತೆ ದಡ್ಡಿ?"

ಪಕ್ಕದ ಅಂಗಡಿಯಿಂದ ಪಂಕ್ಚರ್ ತಾತ ಟ್ಯೂಬು ಹಿಡಿದುಕೊಂಡೇ ಇಣುಕಿದರು. "ಏನಪ್ಪಾ, ಬ್ರೇಕು ಬಿತ್ತಾ? ಗೆಳತಿ ಏನಾದ್ರೂ ಈ ಕಬ್ಬಿಣದ ಒಳಗೆ ಸಿಕ್ಕಾಕಿಕೊಂಡಿದಾಳಾ?"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಕಿವಿ ಬಿಸಿಯಾಯಿತು. ಇವತ್ತೂ ತಪ್ಪಾದರೆ? ಒಂದು ಕ್ಷಣ ಮನೆಗೆ ಓಡಿಹೋಗೋಣ ಅನ್ನಿಸಿತು. ಆದರೆ ನಿನ್ನೆ ಕೇಳಿದ ಮಾತು ಕಿವಿಯಲ್ಲೇ ಇತ್ತು.

ನಿನ್ನೆ ಅಡಿಗಲ್ಲು ಮಾರಿದ ಮುದುಕ ಕಮ್ಮಾರ, ಅಮ್ಮ ಹಗ್ಗ ಬಿಗಿಯುತ್ತಿದ್ದಾಗ ಇವಳನ್ನು ಹತ್ತಿರ ಕರೆದಿದ್ದರು. "ಮಗೂ, ಇದರ ಹೊಟ್ಟೆಯೆಲ್ಲ ಮೆತ್ತನೆ ಕಬ್ಬಿಣ. ತಲೆ ಮೇಲೆ ಮಾತ್ರ ಒಂದು ಪದರ ಗಟ್ಟಿ ಉಕ್ಕು ಬೆಸೆದಿದಾರೆ. ಆ ಪದರ ಹೋದ್ರೆ ಇದು ಬರೀ ಭಾರ, ಅಷ್ಟೇ" ಎಂದಿದ್ದರು.

ಅವಳು ಅದನ್ನೇ ಮಾವನಿಗೆ ಹೇಳಿದಳು.

"ಪದರ ಗಿದರ ಏನೂ ಕಾಣ್ತಿಲ್ವಲ್ಲ! ಒಂದೇ ಕಬ್ಬಿಣದ ತುಂಡು ಇದು. ಇಪ್ಪತ್ತು ವರ್ಷದಿಂದ ಕಬ್ಬಿಣದ ಜೊತೇನೇ ಸಂಸಾರ ಮಾಡ್ತಿದೀನಿ ಕಣೇ."

ಹೌದು, ಏನೂ ಕಾಣುತ್ತಿರಲಿಲ್ಲ. ಪಕ್ಕೆಗಳ ಮೇಲೆ ಹಳೆಯ ಗ್ರೀಸು, ಮಸಿ, ತುಕ್ಕು ಸೇರಿ ಚಕ್ಕೆಗಟ್ಟಿತ್ತು.

ಅವಳು ಸುತ್ತ ನೋಡಿದಳು. ಕಿಟಕಿಯ ಮೇಲೆ ಒಂದು ಡಬ್ಬಿಯಲ್ಲಿ ಹಳೆಯ ಬೇರಿಂಗ್ ಗುಂಡುಗಳಿದ್ದವು. ನಿನ್ನೆ ಅಮ್ಮ ಕೊಳ್ಳುವ ಮೊದಲು ಮಾಡಿದ ಪರೀಕ್ಷೆ ನೆನಪಾಯಿತು: ಲೋಹ ಗಟ್ಟಿಯಿದ್ದಷ್ಟೂ ಗುಂಡು ಎತ್ತರಕ್ಕೆ ಪುಟಿಯುತ್ತದೆ. ದೊಡ್ಡದೊಂದು ಗುಂಡು ಆರಿಸಿ, ಬ್ಯಾಗಿನಿಂದ ಸ್ಕೇಲು ತೆಗೆದಳು.

"ಮಾವಾ, ಇದೊಂದು ನೋಡಿ. ಆಮೇಲೆ ಬೇಕಾದ್ರೆ ಬೈಯಿರಿ."

ಸ್ಕೇಲನ್ನು ಅಡಿಗಲ್ಲಿನ ತಲೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಮೂವತ್ತನೆಯ ಗೆರೆಯಿಂದ ಗುಂಡನ್ನು ಬಿಟ್ಟಳು.

ಟಿಣ್! ಗುಂಡು ಚೆಂಡಿನ ಹಾಗೆ ಪುಟಿಯಿತು. ಇಪ್ಪತ್ತನಾಲ್ಕನೆಯ ಗೆರೆ ಮುಟ್ಟಿ ಬಿತ್ತು.

"ಈಗ ಕೆಳಗಿನ ಪಾದದ ಮೇಲೆ."

ತಪ್. ಗುಂಡು ಹತ್ತನೆಯ ಗೆರೆಯನ್ನೂ ಮುಟ್ಟಲಿಲ್ಲ. ಸುಸ್ತಾದವರ ಹಾಗೆ ಉರುಳಿಹೋಯಿತು.

ಮಾವ ನಗುವುದನ್ನು ನಿಲ್ಲಿಸಿದರು. "ಇನ್ನೊಂದ್ಸಲ ಬಿಡು" ಎಂದರು. ಅವಳು ಬಿಟ್ಟಳು. ತಾವೇ ಇಸಿದುಕೊಂಡು ಎರಡು ಸಲ ಬಿಟ್ಟು ನೋಡಿದರು. ಮೇಲೆ ಟಿಣ್, ಕೆಳಗೆ ತಪ್.

"ಎರಡು ಥರದ ಲೋಹ ಅಂತೂ ಹೌದು" ಎಂದು ಗಡ್ಡ ಕೆರೆದರು. "ಆದ್ರೆ ಉಕ್ಕು ಎಷ್ಟು ದಪ್ಪ ಇದೆ ಅಂತ? ಒಂದು ಗೇಣು ಇದ್ರೆ ಆರು ಮಿಲಿಮೀಟರ್ ಯಾವ ಲೆಕ್ಕ?"

"ನೋಡೇ ಬಿಡೋಣ" ಎಂದು ಅವಳು ತಂತಿಬ್ರಷ್ಷು ಎತ್ತಿಕೊಂಡಳು.

ಸೀಮೆಎಣ್ಣೆ ಸವರಿ ಪಕ್ಕೆಯನ್ನು ಉಜ್ಜತೊಡಗಿದಳು. ಕರಕರ, ಕರಕರ. ತುಕ್ಕು ಮೂಗಿಗೆ ಹೋಗಿ ಸೀನು ಬಂತು. ಮೊಣಕೈ ನೋಯಿತು. ಏನೂ ಕಾಣಲಿಲ್ಲ. ಪಂಕ್ಚರ್ ತಾತ, "ಬಿಡಮ್ಮಾ, ಫ್ರಾಕಿನ ಬಣ್ಣ ಹೋಯ್ತು" ಎಂದರು. ಬಿಡಲಿಲ್ಲ. ಬಾಲದ ಕಡೆಗೆ ಬಂದಾಗ ಮಸಿಯ ಕೆಳಗೆ ಕೂದಲಿನಷ್ಟು ಸಣ್ಣ ಗೆರೆಯೊಂದು ಕಂಡಿತು. ಇನ್ನಷ್ಟು ಉಜ್ಜಿದಳು. ಗೆರೆ ಉದ್ದವಾಯಿತು. ಮೇಲಿನ ಭಾಗ ಬೆಳ್ಳಗೆ, ಕೆಳಗಿನದು ಬೂದು.

ಅವಳು ಕೂಗಲಿಲ್ಲ. ಬೆರಳಿಟ್ಟು ತೋರಿಸಿದಳು, ಅಷ್ಟೆ.

ಮಾವ ಕನ್ನಡಕ ಏರಿಸಿ ಬಗ್ಗಿದರು. ಜೇಬಿನಿಂದ ಅಳತೆ ಕಡ್ಡಿ ತೆಗೆದು ತಲೆಯಿಂದ ಗೆರೆಯವರೆಗೆ ಹಿಡಿದರು. ಮತ್ತೊಮ್ಮೆ ಅಳೆದರು.

"ಏಳು" ಎಂದರು ಮೆಲ್ಲಗೆ. "ಇಲ್ಲಿ ಏಳೇ ಮಿಲಿಮೀಟರ್. ನಾನು ಆರು ಕೆರೆದಿದ್ರೆ ಒಂದು ಉಳೀತಿತ್ತು. ಮೊಟ್ಟೆ ಚಿಪ್ಪು! ನಿಮ್ಮಮ್ಮನ ಮೊದಲ ಏಟಿಗೇ ಪುಡಿ."

ಅವರು ಹೋಗಿ ಮಷಿನ್ನಿನ ಮೇನ್ ಸ್ವಿಚ್ಚನ್ನೇ ಆರಿಸಿ ಬಂದರು. ಪಂಕ್ಚರ್ ತಾತ ಒಂದು ಹಳೆಯ ಬಟ್ಟೆ ತಂದು, ತಾವೂ ಒಂದು ಪಕ್ಕೆ ಒರೆಸತೊಡಗಿದರು.

ಮೂವರೂ ಸೇರಿ ಉಜ್ಜಿದರು. ಮುರಿದ ಅಂಚು ಇನ್ನಷ್ಟು ಚಕ್ಕೆ ಏಳದ ಹಾಗೆ ಮಾವ ಅರದಿಂದ ಮೆಲ್ಲನೆ ದುಂಡಗೆ ಮಾಡಿದರು. ತಲೆಯ ಮೇಲೆ ಒಂದು ಕೂದಲೆಳೆಯಷ್ಟನ್ನೂ ಕೆರೆಯಲಿಲ್ಲ. ಕೊನೆಗೆ ಎಣ್ಣೆ ಸವರಿದಾಗ ಅದು ಮೋಡದ ಬಣ್ಣಕ್ಕೆ ತಿರುಗಿ ಮಿರಮಿರ ಹೊಳೆಯಿತು.

ಅಷ್ಟರಲ್ಲಿ ತಳ್ಳುಗಾಡಿಯಲ್ಲಿ ದಿಮ್ಮಿ ಹೇರಿಕೊಂಡು ಅಮ್ಮ ಬಂದಳು. ಅಡಿಗಲ್ಲು ಮಷಿನ್ನಿನ ಮೇಲಿರುವುದನ್ನು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಅಣ್ಣಾ! ಅದನ್ನ ಯಾಕೋ ಅಲ್ಲಿ ಹತ್ತಿಸಿದೆ? ಕೆರೆದುಬಿಟ್ಯಾ?"

"ಕೆರೆದೇ ಬಿಡ್ತಿದ್ದೆ" ಎಂದರು ಮಾವ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ. "ನಿನ್ನ ಮಗಳು ಬಿಡ್ಲಿಲ್ಲ."

ನಡೆದದ್ದನ್ನೆಲ್ಲ ಪಂಕ್ಚರ್ ತಾತ ಉಪ್ಪು ಖಾರ ಹಚ್ಚಿ ಹೇಳಿದರು. ಅಮ್ಮ ದಿಮ್ಮಿಯ ಮೇಲೆ ಕುಸಿದು ಕೂತಳು. ಆಮೇಲೆ ನಗು ಬಂತು ಅವಳಿಗೆ, ಕಣ್ಣಲ್ಲಿ ನೀರೂ ಬಂತು.

"ಆ ಗುಳಿ ನೋಡೇ ನಾನು ಇದನ್ನ ತಗೊಂಡಿದ್ದು ಕಣೋ! ಸೊಟ್ಟ ಆದ ಕತ್ತಿ ನೆಟ್ಟಗೆ ಮಾಡೋಕೆ ಗುಳಿ ಬೇಕು. ಪೂರ್ತಿ ಚಪ್ಪಟೆ ಇದ್ರೆ ಹೊಡೆದಷ್ಟೂ ಅದು ಮತ್ತೆ ವಾಪಸ್ ಬಗ್ಗತ್ತೆ."

"ಅಯ್ಯೋ, ಅದನ್ನೂ ನಿನ್ನ ಮಗಳು ನನಗೆ ಹೇಳ್ಬಾರ್ದಿತ್ತಾ!"

"ಅದು ನನಗೂ ಗೊತ್ತಿರ್ಲಿಲ್ಲ ಮಾವಾ" ಎಂದಳು ಅವಳು. ಎಲ್ಲರೂ ನಕ್ಕರು. ಈ ಸಲ ಅವಳ ಕಿವಿ ಬಿಸಿಯಾಗಲಿಲ್ಲ.

ಸಂಜೆಗೆ ಶೆಡ್ಡಿನಲ್ಲಿ ದಿಮ್ಮಿಯ ಮೇಲೆ ಅಡಿಗಲ್ಲು ಕೂತಿತು. ಒಲೆ ಉರಿಯಿತು. ಅಮ್ಮ ಕೆಂಪು ಸರಳನ್ನು ಇಕ್ಕಳದಲ್ಲಿ ಹಿಡಿದು ತಂದು ಮೊದಲ ಏಟು ಹಾಕಿದಳು.

ಠಣ್!

ಎದುರು ಮನೆಯ ಕಿಟಕಿ ತೆರೆಯಿತು. ಕೆಳಗಿನ ಬೀದಿಯ ಮಕ್ಕಳು ಓಡಿಬಂದರು. ಠಣ್, ಠಣ್, ಠಣ್! ಅಮ್ಮನಿಗೆ ಎದ್ದೇಳು ಎನ್ನುವವರು ಇಲ್ಲಿ ಯಾರೂ ಇರಲಿಲ್ಲ. ಮಾವ ಎರಡೂ ಕೈ ಮೇಲೆತ್ತಿ, "ಎಲ್ರೂ ಕೇಳಿಸ್ಕೊಳ್ರಪ್ಪಾ! ಇದು ನನ್ನ ತಂಗಿ ಕುಲುಮೆ!" ಎಂದು ಕೂಗಿದರು.

ಅಮ್ಮ ಒಂದು ಚಿಕ್ಕ ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟಳು. ಸರಳನ್ನು ತಾನೇ ಹಿಡಿದುಕೊಂಡಳು.

"ಜೋರಾಗಿ ಹೊಡೀಬೇಡ. ಬೀಳೋಕೆ ಬಿಡು, ಸಾಕು."

ಅವಳು ಸುತ್ತಿಗೆಯನ್ನು ಬೀಳಲು ಬಿಟ್ಟಳು. ಕಿಡಿ ಹಾರಿತು. ಎತ್ತಬೇಕು ಎಂದುಕೊಳ್ಳುವ ಮೊದಲೇ ಸುತ್ತಿಗೆ ಆ ಬೇರಿಂಗ್ ಗುಂಡಿನ ಹಾಗೆ ಪುಟಿದು ತಾನಾಗಿ ಅರ್ಧ ದೂರ ಮೇಲೆದ್ದಿತ್ತು. ಯಾರೋ ಕೆಳಗಿನಿಂದ ಎತ್ತಿಕೊಟ್ಟ ಹಾಗೆ.

ಅವಳು ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಏಳು ಮಿಲಿಮೀಟರ್ ಎಂದರೆ ಎಷ್ಟು ಎಂದು ಈಗ ಗೊತ್ತಾಯಿತು. ಹಿಡಿಯನ್ನು ಸರಿಮಾಡಿಕೊಂಡು, ಎರಡನೆಯ ಏಟು ಹಾಕಿದಳು.